ಕಿರುಚಕ್ಕನ ಒಂದೇ ಒಂದು ಮಾತು

ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು ಎಂದು ಹೇಳುವವರಿದ್ದಾರೆ. ಸುಳ್ಳು. ಕೋಪ ಅವಳ ಗಂಟಲಲ್ಲಿತ್ತು. ಆ ಗಂಟಲನ್ನೇ ದುಡಿಸಿಕೊಂಡು ಅವಳು ಸಂಸಾರ ನಡೆಸಿದಳು, ಅಮ್ಮನ ಕಣ್ಣಿನ ಆಪರೇಷನ್ ಮಾಡಿಸಿದಳು, ತಂಗಿಯನ್ನು ಓದಿಸಿದಳು. ಡಬ್ಬಿಂಗ್ ಸ್ಟುಡಿಯೋಗಳಲ್ಲಿ ಅವಳನ್ನು ಕಿರುಚಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಸಿನಿಮಾದ ನಾಯಕಿ ಬಾವಿಗೆ ಬಿದ್ದರೆ, ಕತ್ತಲಲ್ಲಿ ಕಳ್ಳನನ್ನು ಕಂಡರೆ, ಹೆರಿಗೆ ನೋವು ತಿಂದರೆ, ತೆರೆಯ ಮೇಲೆ ಬಾಯಿ ತೆರೆಯುವವಳು ನಾಯಕಿ, ಗಂಟಲು ಹರಿದುಕೊಳ್ಳುವವಳು ಇವಳು. ಯಾಕೆಂದರೆ ಕಿರುಚಿದರೆ ದನಿ ಒಡೆಯುತ್ತದೆ, ಒಡೆದ ದನಿಯಲ್ಲಿ ಮರುದಿನ ಪ್ರೀತಿಯ ಮಾತಾಡಲು ಬರುವುದಿಲ್ಲ. ಹಾಗಾಗಿ ಮಾತಾಡಲು ಒಬ್ಬಳು, ಕಿರುಚಲು ಇನ್ನೊಬ್ಬಳು. ಇದು ಬಹಳ ಒಳ್ಳೆಯ ಏರ್ಪಾಡು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಇವಳನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಐವತ್ತು ದಾಟಿದರೂ ಅವಳು ಮೈಕಿನ ಮುಂದೆ ಒಂದು ಮಾತು, ಅರ್ಥವಿರುವ ಒಂದೇ ಒಂದು ಮಾತು ಆಡಿರಲಿಲ್ಲ.

ಮನೆ ಎಂದರೆ ಗಂಡನ ಬೀಗದ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಅವನು ತುಟಿ ಪಿಟಕ್ಕೆನ್ನದೆ ಕೀಲಿಕೈ ಉಜ್ಜುತ್ತಾ ಕೂರುವನು. ಮೇಲೆ ಇವಳು ಬಟ್ಟೆ ಬೀರುವಿನ ಬಾಗಿಲು ತೆಗೆದು, ರಗ್ಗುಗಳ ನಡುವೆ ತಲೆ ತೂರಿಸಿ ಅಭ್ಯಾಸ ಮಾಡುವಳು. ಎದುರುಮನೆಗೆ ಹೊಸದಾಗಿ ಬಂದ ನರ್ಸಮ್ಮ ಮೊದಲ ವಾರವೇ ಪೊಲೀಸರನ್ನು ಕರೆಸಿದ್ದಳು. ಅವರು ಮೆಟ್ಟಿಲು ಹತ್ತಿ ಬಂದು ನೋಡಿದರೆ ಗಂಡ ಕೈಯಲ್ಲಿ ಅರ ಹಿಡಿದು ನಿಂತಿದ್ದಾನೆ, ಹೆಂಡತಿ ಬೀರುವಿನೊಳಗೆ ಕಿರುಚುತ್ತಿದ್ದಾಳೆ. "ಕೆಲಸ ಮಾಡ್ತಿದೀನಿ, ಕಾಣಿಸಲ್ವಾ?" ಎಂದು ಇವಳು ಪೊಲೀಸರ ಮೇಲೇ ಎಗರಾಡಿದಳು. ಸುಮ್ಮನೆ ನಾಲ್ಕು ಮಾತು ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಇವಳ ಎಗರಾಟದ ದೆಸೆಯಿಂದ ಪಾಪದ ಗಂಡ ಅರ್ಧ ದಿನ ಸ್ಟೇಷನ್ ಬೆಂಚಿನ ಮೇಲೆ ಕೂತು ಬಂದ.

ಅಂಥವಳ ಪಾಲಿಗೆ, ಸುಮಾರು ಇಪ್ಪತ್ತು ವರ್ಷದ ಹಿಂದೆ, ಹಮಾಲಿ ಬಂದಳು.

ಹಮಾಲಿ ಎಂದರೆ ಹೊಡೆದಾಟದ ಒಂದು ವಿಡಿಯೋ ಗೇಮಿನ ಹೆಂಗಸು. ಆ ಆಟದ ಹೆಸರು 'ಎಂಟು ಮುಷ್ಟಿ.' ಎಂಟು ಜನ ಜಟ್ಟಿಗಳು, ಒಬ್ಬೊಬ್ಬರದೂ ಒಂದೊಂದು ಕಸುಬು. ಸುತ್ತಿಗೆ ಬೀಸುವ ನೀಲಿ ಜುಟ್ಟಿನ ಕಮ್ಮಾರ, ಸೌಟು ಹಿಡಿದ ಅಡುಗೆಯವನು, ಹೀಗೆ. ಅವರ ನಡುವೆ ಬಂದರಿನಲ್ಲಿ ಮೂಟೆ ಹೊರುವ ದಪ್ಪ ತೋಳಿನ ಈ ಹೆಂಗಸು. ತೆರೆಯ ಮೇಲೆ ಯಾವಾಗಲೂ ಇಬ್ಬರು ಎದುರುಬದುರು. ಅವರ ತಲೆಯ ಮೇಲೆ ಜೀವ ಎಷ್ಟು ಉಳಿದಿದೆ ಎಂದು ತೋರಿಸುವ ಎರಡು ಹಳದಿ ಪಟ್ಟಿ. ಕಮ್ಮಾರನಾಗಲಿ ಹಮಾಲಿಯಾಗಲಿ, ಪಟ್ಟಿಯ ಉದ್ದ ಒಂದೇ. ಅದು ಆ ಆಟದ ನ್ಯಾಯ. ಹೊರಗೆ ಎಲ್ಲೂ ಸಿಗದ ನ್ಯಾಯ ಎಂದು ಬೇಕಾದರೆ ಸೇರಿಸಿಕೊಳ್ಳಿ.

ಈ ಹಮಾಲಿಗೆ ಮಾತಿಲ್ಲ. ಆಟದಲ್ಲಿ ಯಾರಿಗೂ ಮಾತಿಲ್ಲ. ಹೊಡೆಯುವಾಗ ಒಂದು ಹೂಂಕಾರ, ಒದೆ ತಿಂದಾಗ ಒಂದು ನರಳಿಕೆ, ಬೀಳುವಾಗ ಒಂದು ಕೂಗು, ಏಳುವಾಗ ಒಂದು ಉಸಿರು. ಅದಕ್ಕೆ ಕಿರುಚಕ್ಕನನ್ನು ಕರೆಸಿದರು. ಮೊದಲ ದಿನ ಬೀಳುವ ಕೂಗನ್ನು ರೆಕಾರ್ಡ್ ಮಾಡಿಕೊಂಡು, ಚಹಾ ಕುಡಿಸಿ, ಆಮೇಲೆ ಏಳುವ ಉಸಿರನ್ನು ತೆಗೆದುಕೊಂಡರು. ಎರಡನ್ನೂ ಒಟ್ಟಿಗೆ ಕೇಳಿಸಿದಾಗ ಇವಳ ಮೈಯೆಲ್ಲ ಉರಿದುಹೋಯಿತು.

"ಇದೇನ್ರೀ ಇದು? ಬಿದ್ದವಳು ಒಬ್ಬಳು, ಎದ್ದವಳು ಇನ್ನೊಬ್ಬಳು! ಎದ್ದವಳು ಚಹಾ ಕುಡಿದು ಬಂದಿದಾಳೆ, ಗೊತ್ತಾಗ್ತಿಲ್ವಾ ನಿಮ್ಗೆ?"

ಯಾರಿಗೂ ಗೊತ್ತಾಗಿರಲಿಲ್ಲ. ಆದರೆ ಅವಳು ಬಿಡಲಿಲ್ಲ. ರೆಕಾರ್ಡಿಂಗ್ ಕೋಣೆಯ ನೆಲಕ್ಕೆ ಹಾಸಿಗೆ ಹಾಕಿಸಿದಳು, ಮೈಕನ್ನು ಮೊಣಕಾಲೆತ್ತರಕ್ಕೆ ಇಳಿಸಿದಳು, ನಿಂತ ನಿಲುವಿನಿಂದ ದೊಪ್ಪನೆ ಬಿದ್ದಳು. ಜೀವ ಹೋಗುವ ಹಾಗೆ ಕೂಗಿದಳು. ಆಮೇಲೆ ಸುಮ್ಮನೆ ಬಿದ್ದುಕೊಂಡಳು. ಗಾಜಿನ ಆಚೆ ಇದ್ದವರು ಮುಗಿಯಿತು ಎಂದು ಎದ್ದು ನಿಂತರು. ಕೈಯೆತ್ತಿ 'ಇರಿ' ಎಂದಳು. ಮೈಯ ನೋವು ಮೈಗೆ ತಿಳಿದು, ಎದೆಗೆ ತಾನಾಗಿ ಗಾಳಿ ಬೇಕೆನಿಸುವವರೆಗೆ ಅಲುಗದೆ ಬಿದ್ದಿದ್ದು, ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ, "ಹ್ಹಾ..." ಎಂದು ಉಸಿರೆಳೆದುಕೊಂಡು ಎದ್ದಳು. ಅಂದಿನಿಂದ ಅದೇ ಅವಳ ಪದ್ಧತಿ. ಬೀಳುವುದು ಏಳುವುದು ಎರಡೂ ಒಂದೇ ಉಸಿರಿನಲ್ಲಿ, ಒಂದೇ ಫೈಲಿನಲ್ಲಿ. ಬಿದ್ದವಳನ್ನು ಬಿದ್ದಲ್ಲೇ ಬಿಟ್ಟು ನಾನು ಮನೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ಹುಚ್ಚು ಹೆಂಗಸು ಎಂದುಕೊಂಡು ಅವರೂ ಒಪ್ಪಿದರು.

ಆಟ ಊರೂರು ಸುತ್ತಿತು. ಕಿರುಚಕ್ಕ ಅದನ್ನು ಒಂದು ದಿನವೂ ಆಡಿದವಳಲ್ಲ. ಒಮ್ಮೆ ಬಸ್ ಸ್ಟ್ಯಾಂಡ್ ಪಕ್ಕದ ವಿಡಿಯೋ ಗೇಮ್ ಅಂಗಡಿಯ ಮುಂದೆ ಹೋಗುವಾಗ ತನ್ನದೇ ಕೂಗು ಕೇಳಿ ಒಳಗೆ ಹೆಜ್ಜೆ ಇಟ್ಟಳು. ಟೈ ಕಟ್ಟಿದ ದಢೂತಿ ಮನುಷ್ಯನೊಬ್ಬ ಹಮಾಲಿಯನ್ನು ಆಡಿಸುತ್ತಿದ್ದ. ಹಮಾಲಿ ನೆಲ ಕಚ್ಚಿದ್ದಳು. ಸುತ್ತ ನಿಂತವರೆಲ್ಲ ಉಸಿರು ಬಿಗಿಹಿಡಿದಿದ್ದರು. ಎಂಟು ಜನರಲ್ಲಿ ಏಳಲು ಅತಿ ಹೆಚ್ಚು ಹೊತ್ತು ತೆಗೆದುಕೊಳ್ಳುವವಳು ಇವಳೇ. ಆದರೆ ಆ "ಹ್ಹಾ" ಕೇಳಿದ ಗಳಿಗೆಯಲ್ಲೇ ಗುಂಡಿ ಒತ್ತಿದರೆ ಏಳುತ್ತಲೇ ಎದುರಾಳಿಯನ್ನು ಮೂಟೆಯ ಹಾಗೆ ಬೆನ್ನಿಗೇರಿಸಿ ಎತ್ತಿ ಒಗೆಯುತ್ತಾಳೆ. "ಈಗ! ಈಗ ಒತ್ತು!" ಎಂದು ಎಲ್ಲರೂ ಅರಚಿದರು. ಟೈ ಮನುಷ್ಯ ಒತ್ತಿದ. ಹಮಾಲಿ ಎದ್ದಳು. ಕಿರುಚಕ್ಕ ಬಾಗಿಲಲ್ಲೇ ನಿಂತಿದ್ದಳು, ಯಾರೂ ತಿರುಗಿ ನೋಡಲಿಲ್ಲ. ಮನೆಗೆ ಬಂದು ಗಂಡನಿಗೆ, "ರೀ, ಟೈ ಕಟ್ಟಿಕೊಂಡವರೂ ನನ್ನ ಉಸಿರಿಗೆ ಕಾಯ್ತಾರೆ ಕಣ್ರೀ," ಎಂದಳು. ಅವನು "ನಾನೂ ಕಾಯ್ತೀನಲ್ಲ," ಎಂದು ಕೀಲಿಕೈ ಉಜ್ಜುವುದನ್ನು ಮುಂದುವರಿಸಿದ.

ಇಷ್ಟೇ ಆಗಿದ್ದರೆ ಈ ಕಥೆಯ ಅಗತ್ಯವೇ ಇರಲಿಲ್ಲ. ಬಣ್ಣದ ಕನ್ನಡಕದ ನಿರ್ದೇಶಕನೊಬ್ಬ ಮೆಟ್ಟಿಲು ಹತ್ತಿ ಬಂದ. ಹಾಳಾದವನು.

ಬಂದವನೇ, ಬಾಯಿತುಂಬ "ಅಕ್ಕ" ಎಂದ. ಎಂಟು ಮುಷ್ಟಿಯನ್ನು ಅನಿಮೇಷನ್ ಸಿನಿಮಾ ಮಾಡುತ್ತಿದ್ದೇವೆ ಎಂದ. ಚಿಕ್ಕವನಾಗಿದ್ದಾಗ ಹಗಲೆಲ್ಲ ಆ ಆಟವನ್ನೇ ಆಡುತ್ತಿದ್ದೆ, ಸ್ಕೂಲಿಗೆ ಚಕ್ಕರ್ ಹೊಡೆಯುತ್ತಿದ್ದೆ ಎಂದು ಬೆಣ್ಣೆ ಹಚ್ಚಿದ. ಹಮಾಲಿಯನ್ನು ಬೇರೆ ಯಾರಾದರೂ ಮಾಡುವುದು ಸಾಧ್ಯವೇ ಇಲ್ಲವಂತೆ. ಆಮೇಲೆ ಒಂದು ದೃಶ್ಯವನ್ನು ವಿವರಿಸಿದ. ದೊಡ್ಡ ಹೊಡೆದಾಟ. ಹಮಾಲಿ ಬೀಳುತ್ತಾಳೆ. ಎಲ್ಲರೂ ಅವಳ ಕಥೆ ಮುಗಿಯಿತು ಎಂದುಕೊಳ್ಳುತ್ತಾರೆ. ಆಗ ಅವಳು ಎದ್ದು ನಿಂತು ಮೊದಲ ಸಲ ಬಾಯಿಬಿಟ್ಟು ಮಾತಾಡುತ್ತಾಳೆ.

"ಏನಂತಾಳೆ?" ಎಂದಳು ಕಿರುಚಕ್ಕ. ಅವಳ ಕೈಯ ಚಹಾ ಲೋಟ ಅಲ್ಲೇ ನಿಂತಿತು.

"'ಮೂಟೆ ಇನ್ನೂ ಕೆಳಗಿಳಿಸಿಲ್ಲ ನಾನು.' ಅಷ್ಟೇ ಅಕ್ಕ. ಒಂದೇ ಮಾತು. ಆದ್ರೆ ಇಡೀ ಸಿನಿಮಾ ಅದರ ಮೇಲೆ ನಿಂತಿರುತ್ತೆ. ಅದನ್ನ ನೀವೇ ಹೇಳ್ಬೇಕು."

ಅವನು ಹೋದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಕಿರುಚಕ್ಕ ಬೀರುವಿನೊಳಗೆ ತಲೆ ತೂರಿಸಿ, "ಮೂಟೆ ಇನ್ನೂ ಕೆಳಗಿಳಿಸಿಲ್ಲ ನಾನು," ಎಂದಳು. ಪಾತ್ರೆ ತೊಳೆಯುತ್ತಾ ಎಂದಳು. ಬಟ್ಟೆ ಒಣಹಾಕುತ್ತಾ ಎಂದಳು. ಸುಲಭವಲ್ಲ ಅದು. ಜೀವನವಿಡೀ ಕಿರುಚಿದ ಗಂಟಲು ಮಾತಿಗೆ ಒಗ್ಗುತ್ತಿರಲಿಲ್ಲ, ಕೊನೆಯಲ್ಲಿ ಎಲ್ಲವೂ ಕಿರುಚಾಟವೇ ಆಗಿಬಿಡುತ್ತಿತ್ತು. ಊಟಕ್ಕೆ ಬಂದ ತಂಗಿ, "ಅಕ್ಕಾ, ನೀನು ಮೂಟೆ ಇಳಿಸಿಲ್ಲ ಅಂತ ಹೇಳ್ತಿದೀಯೋ, ಕಾಲ ಮೇಲೆ ಮೂಟೆ ಬಿತ್ತು ಅಂತ ಹೇಳ್ತಿದೀಯೋ?" ಎಂದು ನಕ್ಕಳು. ಅವಳಿಗೆ ಒಳ್ಳೆಯ ಬೈಗುಳ ಸಿಕ್ಕಿತು. ಕೆಳಗೆ ಅಂಗಡಿಗೆ ಬಂದ ಗಿರಾಕಿಯೊಬ್ಬ ಈ ಮಾತನ್ನೇ ಐದಾರು ಸಲ ಕೇಳಿ, "ಪಾಪ, ಮೇಲೆ ಯಾರೋ ಅಮ್ಮಾವ್ರು ಮೂಟೆ ಹೊತ್ಕೊಂಡು ನಿಂತಿದಾರೆ, ಇಳಿಸಿಕೊಡ್ಲಾ?" ಎಂದು ಮೆಟ್ಟಿಲು ಹತ್ತಲು ಹೊರಟಿದ್ದ. ಗಂಡ ಅವನನ್ನು ತಡೆದು, "ಬೇಡ, ಅವಳು ಇಳಿಸಲ್ಲ," ಎಂದ.

ಕೊನೆಗೆ ಒಂದು ದಿನ ಮಾತು ಹದಕ್ಕೆ ಬಂತು. ಕಿರುಚಾಟವಿಲ್ಲ, ಅಳುವಿಲ್ಲ. ಭಾರ ಹೊತ್ತವರು ಹೇಗೆ ಹಲ್ಲು ಕಚ್ಚಿ, ದನಿ ತಗ್ಗಿಸಿ ಆಡುತ್ತಾರೋ ಹಾಗೆ ಬಂತು. ಬೀರುವಿನಿಂದ ತಲೆ ಹೊರಗೆ ತೆಗೆದಾಗ ಗಂಡ ಬಾಗಿಲಲ್ಲಿ ನಿಂತಿದ್ದ. "ಇದೇ," ಎಂದಷ್ಟೇ ಹೇಳಿ ಕೆಳಗಿಳಿದು ಹೋದ.

ರೆಕಾರ್ಡಿಂಗ್ ದಿನ ಅವಳು ಉಪ್ಪುನೀರಿನಲ್ಲಿ ಗಂಟಲು ತೊಳೆದುಕೊಂಡು ಸ್ಟುಡಿಯೋಗೆ ಹೋದಳು. ಗೋಡೆಯ ತುಂಬ ಕಪ್ಪು ಸ್ಪಂಜು, ನೆಲಕ್ಕೆ ಸವೆದ ಕಾರ್ಪೆಟ್ಟು, ಕೂತರೆ ಕಿರ್ ಎನ್ನುವುದರಿಂದ ಯಾರೂ ಕೂರದ ಒಂದು ಕುರ್ಚಿ. ಗಾಜಿನ ಆಚೆ ನಿರ್ದೇಶಕ, ಅವನ ಪಕ್ಕದಲ್ಲಿ ಸೌಂಡ್ ಇಂಜಿನಿಯರ್. ಅವನು ಊಟ ಮಾಡುವಾಗಲೂ ಕಿವಿಯ ಹೆಡ್‌ಫೋನ್ ತೆಗೆಯುತ್ತಿರಲಿಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಹೆಡ್‌ಫೋನ್. ಮೈಕಿನ ಮುಂದೆ ಅವಳ ಪಾಲಿನ ಹಾಳೆ ಇಟ್ಟಿದ್ದರು. ಹೊಡೆತ. ಹೊಡೆತ. ಜೋರು ಹೊಡೆತ. ಬೀಳುವುದು. ಸಾಯುವುದು. ಅಲ್ಲಿಗೆ ಮುಗಿಯಿತು.

"ಇದರಲ್ಲಿ ಮಾತೆಲ್ಲಿ?" ಎಂದಳು ಕಿರುಚಕ್ಕ.

ನಿರ್ದೇಶಕ ಕನ್ನಡಕ ಸರಿಮಾಡಿಕೊಂಡ. "ಅಕ್ಕ, ಸ್ವಲ್ಪ ಬದಲಾಗಿದೆ. ಹಮಾಲಿ ಈಗ ಅರ್ಧದಲ್ಲೇ ಸಾಯ್ತಾಳೆ. ಕಮ್ಮಾರನ್ನ ಉಳಿಸೋಕೆ ಹೋಗಿ ಹೊಡೆತ ತಿಂತಾಳೆ. ತುಂಬಾ ಚೆನ್ನಾಗಿ ಬಂದಿದೆ, ಎಲ್ರೂ ಅಳ್ತಾರೆ."

"ಎದ್ದು ಆಡೋ ಮಾತು?"

"ಏಳಲ್ವಲ್ಲ ಅಕ್ಕ. ಸಾಯೋದಕ್ಕೆ ಮುಂಚೆ ಒಂದೆರಡು ಮಾತಿದೆ, ಅದನ್ನ..." ಎಂದು ಅವನು ತನ್ನ ಹಿಂದಿನ ಪೋಸ್ಟರಿನಲ್ಲಿದ್ದ ಒಬ್ಬ ದೊಡ್ಡ ನಟಿಯ ಕಡೆ ಬೊಟ್ಟುಮಾಡಿದ. ಆ ನಟಿಯ ಪಟ ಆಗಲೇ ನಗುತ್ತಿತ್ತು. "ನಿರ್ಮಾಪಕರ ಒತ್ತಾಯ. ಮೇಡಂ ಕಿರುಚೋಕಾಗಲ್ಲ ಅಂದ್ರು. ಹಾಗಾಗಿ ಕಿರುಚೋದು, ಸಾಯೋದು ಮಾತ್ರ ನಿಮ್ದು."

ಮಾತು ಅವರದ್ದು, ಸಾವು ಇವಳದ್ದು! ಕೇಳಿದ್ದೀರಾ ಎಲ್ಲಾದರೂ ಇಂಥ ಹಂಚಿಕೆ?

ಕಿರುಚಕ್ಕನಿಗೆ ಕೋಪ ಬಂದಾಗ ಮೊದಲು ಹೋಗುವುದು ಬಹುವಚನ. "ಯಾಕೋ ಸಾಯ್ಬೇಕು ಅವಳು?" ಎಂದಳು. ಹೆಡ್‌ಫೋನ್ ತನ್ನ ಗುಂಡಿಗಳ ಕಡೆ ತಲೆ ಬಗ್ಗಿಸಿದ.

"ಕಮ್ಮಾರ ಹೀರೋ ಅಕ್ಕ. ಹೀರೋಗೆ ಕೋಪ ಬರ್ಬೇಕಲ್ಲ. ಕೋಪ ಬರೋಕೆ ಅವನಿಗೆ ಬೇಕಾದವರು ಯಾರಾದ್ರೂ ಸಾಯ್ಬೇಕು."

"ಅವನಿಗೆ ಕೋಪ ಬರೋಕೆ ನಾನ್ಯಾಕೋ ಸಾಯ್ಲಿ? ನಂಗೆ ಕೋಪ ಬರೋಕೆ ಯಾರೂ ಸಾಯೋದು ಬೇಡ. ನಿನ್ನ ಮುಖ ನೋಡಿದ್ರೆ ಸಾಕು!"

ಒಂದು ಮಾತು ನಿರ್ದೇಶಕನ ಪರವಾಗಿಯೂ ಹೇಳಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಹೊಡೆದಾಟದ ಆಟವನ್ನು ಸಿನಿಮಾ ಮಾಡುವುದು ಹೂವೆತ್ತಿದಷ್ಟು ಸುಲಭವಲ್ಲ. ಆಟದಲ್ಲಿ ಕಥೆಯೇ ಇರುವುದಿಲ್ಲ. ಯಾರು ಗೆಲ್ಲಬೇಕು ಎನ್ನುವುದು ಗುಂಡಿ ಒತ್ತುವವನ ಕೈಯಲ್ಲಿರುತ್ತದೆ. ಇವತ್ತು ಕಮ್ಮಾರ ಗೆದ್ದರೆ ನಾಳೆ ಹಮಾಲಿ. ಸಿನಿಮಾದಲ್ಲಿ ನೋಡುವವನು ಕೈ ಕಟ್ಟಿಕೊಂಡು ಕೂರಬೇಕು, ಗೆಲ್ಲುವವರು ಯಾರು ಎಂದು ಯಾರೋ ಒಬ್ಬರು ಮೊದಲೇ ತೀರ್ಮಾನಿಸಬೇಕು. ಸರಿ, ತೀರ್ಮಾನಿಸಲಿ. ಆದರೆ ಪ್ರತಿಸಲ ತೀರ್ಮಾನ ಮಾಡುವಾಗಲೂ ಉದ್ದ ಪಟ್ಟಿ ನೀಲಿ ಜುಟ್ಟಿನವನಿಗೇ, ಮೊಟಕು ಪಟ್ಟಿ ಮೂಟೆ ಹೊರುವವಳಿಗೇ ಯಾಕೆ ಸಿಗುತ್ತದೆ? ನಿರ್ದೇಶಕ ಗಡಿಯಾರ ನೋಡಿದ, ಅಷ್ಟೇ.

ಕಿರುಚಕ್ಕ ಹಾಳೆಯನ್ನು ಮುದ್ದೆ ಮಾಡಿ ಗಾಜಿಗೆ ಎಸೆದಳು. "ಬೀಳ್ತೀನಿ. ಎಷ್ಟು ಸಲ ಬೇಕಾದ್ರೂ ಬೀಳ್ತೀನಿ. ಸಾಯಲ್ಲ," ಎಂದು ಹೊರಗೆ ನಡೆದಳು. ಮನೆಯ ಮೆಟ್ಟಿಲಲ್ಲಿ ಎದುರಾದ ನರ್ಸಮ್ಮ ಪಾಪ ಚೆನ್ನಾಗಿದ್ದೀರಾ ಎಂದು ಕೇಳಿದ್ದಕ್ಕೆ, "ಚೆನ್ನಾಗಿಲ್ಲ! ಪೊಲೀಸರನ್ನ ಕರೀರಿ, ಹೋಗಿ!" ಎಂದು ರೇಗಿದಳು. ನರ್ಸಮ್ಮನ ತಪ್ಪೇನೂ ಇರಲಿಲ್ಲ. ಆಮೇಲೂ ಇವಳು ಕ್ಷಮೆ ಕೇಳಲಿಲ್ಲ, ಅದೂ ಒಂದು ಸ್ವಭಾವ.

ಮರುದಿನ ಹೆಡ್‌ಫೋನ್ ಫೋನ್ ಮಾಡಿದ. "ಅಕ್ಕ, ಬೇಜಾರ್ ಮಾಡ್ಕೋಬೇಡಿ. ನೀವು ಬರದಿದ್ರೂ ಪರ್ವಾಗಿಲ್ವಂತೆ. ಗೇಮ್ ಕಂಪನಿಯವರ ಹತ್ರ ನಿಮ್ಮ ಹಳೇ ಕೂಗೆಲ್ಲಾ ಇದೆ. ಅದನ್ನೇ ಹಾಕ್ತಿದೀವಿ. ಬೀಳೋ ಕೂಗೊಂದಿದೆಯಲ್ಲ ಅಕ್ಕ, ಕೇಳಿ ನಂಗೇ ಕಣ್ಣಲ್ಲಿ ನೀರು ಬಂತು."

ಅವಳು ಫೋನಿನಲ್ಲಿ ಏನೇನು ಬೈದಳು ಎಂದು ಇಲ್ಲಿ ಬರೆಯುವ ಹಾಗಿಲ್ಲ. ಬೈದು ಮುಗಿಸಿದ ಮೇಲೆ ಬೀರುವಿನ ಮುಂದೆ ನೆಲದಲ್ಲೇ ಕೂತಳು. ಅವಳ ಕೂಗು ಅವಳ ಕೈಯಲ್ಲಿರಲಿಲ್ಲ. ಒಲ್ಲೆ ಎಂದು ಎದ್ದು ಬಂದರೂ, ಇಪ್ಪತ್ತು ವರ್ಷದ ಹಿಂದಿನ ಅವಳನ್ನು ಹಿಡಿದು ತಂದು ಸಾಯಿಸಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಬಿಡುಗಡೆಗೆ ಮುಂಚೆ ಹಳೆಯ ಆಟಗಾರರಿಗಾಗಿ ಒಂದು ಪ್ರದರ್ಶನ ಇಟ್ಟರು. ಆಟದ ಹುಚ್ಚಿನವರು ನೋಡಿ ಹೊಗಳಿದರೆ ಪ್ರಚಾರವಾಗುತ್ತದೆ ಎಂಬ ಲೆಕ್ಕ. ಹೆಡ್‌ಫೋನ್ ನಾಚಿಕೆಗೋ ಏನೋ, ಕಿರುಚಕ್ಕನಿಗೂ ಎರಡು ಪಾಸ್ ಕಳಿಸಿದ. ಸಾಯುವ ದೃಶ್ಯ ಬಂದಾಗ ಎಲ್ಲರಿಗೂ ಕಾಣುವ ಹಾಗೆ ಧಡಧಡ ಎದ್ದು ಹೋಗಬೇಕು ಎಂದು ನಿಶ್ಚಯ ಮಾಡಿಕೊಂಡೇ ಅವಳು ಗಂಡನ ಜೊತೆ ಹೊರಟಳು.

ಇಲ್ಲಿ ಸೌಂಡ್‌ನವರ ಒಂದು ಕೆಲಸದ ಸಂಗತಿ ಹೇಳಬೇಕು. ಹೆಡ್‌ಫೋನ್ ಆ ಹಳೆಯ ಫೈಲನ್ನು ತೆಗೆದುಕೊಂಡಾಗ ಕಂಪ್ಯೂಟರಿನಲ್ಲಿ ಕೂಗಿನ ದೊಡ್ಡ ಗೀಟುಗಳು ಕಂಡವು, ಆಮೇಲೆ ಉದ್ದಕ್ಕೂ ಸಪಾಟು. ಮುಗಿಯಿತು ಎಂದುಕೊಂಡ. ಬಾಲ ಕತ್ತರಿಸುವ ಗೋಜಿಗೆ ಹೋಗಲಿಲ್ಲ, ಹೇಗೂ ಮೇಲೆ ಸಂಗೀತ ಬರುತ್ತದಲ್ಲ. ಪ್ರದರ್ಶನದ ಹಿಂದಿನ ದಿನ ನಿರ್ದೇಶಕನಿಗೆ ಜ್ಞಾನೋದಯವಾಯಿತು. "ಇಲ್ಲಿ ಮ್ಯೂಸಿಕ್ ಬೇಡ. ಪೂರ್ತಿ ಮೌನ ಇರ್ಲಿ. ನೋಡೋರಿಗೆ ಅವರವರ ಎದೆಬಡಿತ ಕೇಳ್ಬೇಕು," ಎಂದ. ಹೆಡ್‌ಫೋನ್ ಸಂಗೀತ ತೆಗೆದ. ತೆಗೆದ ಮೇಲೆ ಇನ್ನೊಂದು ಸಲ ಕೇಳಬೇಕಿತ್ತು. ಮೌನವನ್ನು ಏನು ಕೇಳುವುದು ಎಂದು ಸುಮ್ಮನಾದ.

ಹಾಲ್ ತುಂಬಿತ್ತು. ತಲೆ ನರೆತವರು, ಹೊಟ್ಟೆ ಬಂದವರು, ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಂದಿರು. ಹಮಾಲಿ ತೆರೆಗೆ ಬಂದಾಗಲೆಲ್ಲ ಶಿಳ್ಳೆ. ದೊಡ್ಡ ನಟಿಯ ಜೇನಿನಂಥ ದನಿ ಆ ದಪ್ಪ ತೋಳಿನ ಹೆಂಗಸಿನ ಬಾಯಿಂದ ಬಂದಾಗ ಹಾಲಿನಲ್ಲಿ ಗುಸುಗುಸು. ಕಿರುಚಕ್ಕ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಆ ಗಳಿಗೆ ಬಂತು. ಹಮಾಲಿ ಕಮ್ಮಾರನನ್ನು ಬದಿಗೆ ತಳ್ಳಿ ಹೊಡೆತ ತಿಂದಳು, ಬಿದ್ದಳು. ಇಪ್ಪತ್ತು ವರ್ಷದ ಹಿಂದಿನ ಕೂಗು ಗೋಡೆಗೆ ಬಡಿಯಿತು. ಆಮೇಲೆ ಮೌನ. ಕಮ್ಮಾರ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವನ ಕಣ್ಣಿಂದ ಒಂದು ಹನಿ ನಿಧಾನವಾಗಿ ಜಾರಿತು. ಎದ್ದು ಹೋಗಲು ಕಿರುಚಕ್ಕ ಕತ್ತಲಲ್ಲಿ ಚಪ್ಪಲಿ ತಡಕುತ್ತಿದ್ದಳು.

"ಹ್ಹಾ..."

ಹಾಲಿನ ನಾಲ್ಕೂ ಮೂಲೆಯಿಂದ ಬಂತು ಆ ಉಸಿರು, ಸ್ಪಷ್ಟವಾಗಿ. ಕೈಯಲ್ಲಿ ಏನೂ ಇಲ್ಲದಿದ್ದರೂ ಹಾಲಿನಲ್ಲಿದ್ದ ಹೆಬ್ಬೆರಳುಗಳೆಲ್ಲ ತಮ್ಮಷ್ಟಕ್ಕೆ ಗಾಳಿಯನ್ನು ಒತ್ತಿದವು.

"ಎದ್ಳು! ಎದ್ಳು ಕಣ್ರೋ! ಒತ್ರೋ!" ಎಂದು ಯಾರೋ ಕೂಗಿದರು. ಅರ್ಧ ಹಾಲ್ ಎದ್ದು ನಿಂತಿತು. ತೆರೆಯ ಮೇಲೆ ಕಮ್ಮಾರ, "ಅಕ್ಕಾ, ನನ್ನ ಬಿಟ್ಟು ಹೋದ್ಯಾ!" ಎಂದು ಗೋಳಿಟ್ಟ. "ಎಲ್ಲಿ ಹೋಗಿದಾಳೋ ಬೆಪ್ಪೇ, ಉಸಿರಾಡ್ತಿದಾಳೆ, ಡಾಕ್ಟರನ್ನ ಕರಿಯೋ!" ಎಂದ ಇನ್ನೊಬ್ಬ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆದರೆ ಮುಂದಿನ ದೃಶ್ಯದಲ್ಲಿ ಹಮಾಲಿಯನ್ನು ಗುಂಡಿಗೆ ಇಳಿಸಿ ಮಣ್ಣು ಎಳೆಯಲು ಶುರುಮಾಡಿದಾಗ ನಗು ನಿಂತಿತು. ಉಸಿರಾಡುವ ಹೆಂಗಸನ್ನು ಮಣ್ಣು ಮಾಡುತ್ತಿದ್ದರು. ಹಾಲಿನ ತುಂಬ ಬೈಗುಳ.

ಹೊರಗಿನ ಪಡಸಾಲೆಯಲ್ಲಿ ನಿರ್ದೇಶಕ ಕಿರುಚಕ್ಕನನ್ನು ಅಡ್ಡಗಟ್ಟಿದ. ಮುಖ ಕೆಂಪೇರಿತ್ತು, ಅವನ ಹಿಂದೆಯೇ ಹೆಡ್‌ಫೋನ್. "ಬೇಕಂತಲೇ ಮಾಡ್ಸಿದೀರಾ! ಇವನಿಗೆ ಹೇಳಿ ಸೇರಿಸಿದೀರಾ!"

"ಸೇರಿಸೋದೇನೋ? ಇಪ್ಪತ್ತು ವರ್ಷದ ಹಿಂದೆ ಎದ್ದಿದ್ದು ಕಣೋ ನಾನು! ನೀನಾಗ ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಚಕ್ಕರ್ ಹೊಡೀತಿದ್ದೆ. ನೀನೇ ತಾನೇ ಹೇಳಿದ್ದು?" ಆಮೇಲೆ, ಜೀವಮಾನದಲ್ಲೇ ಮೊದಲ ಸಲ, ಅವಳು ದನಿ ತಗ್ಗಿಸಿ ಬೇಡಿಕೊಂಡಳು. "ನೋಡಪ್ಪಾ, ಜನ ಕೇಳ್ತಿದಾರೆ. ಅವಳನ್ನ ಎಬ್ಬಿಸು. ಆ ಒಂದು ಮಾತು ಹಾಕು. ಈಗ್ಲೇ ಬಂದು ಪುಕ್ಕಟೆ ಹೇಳ್ತೀನಿ. ತಯಾರಾಗಿದೆ ನನ್ನ ಹತ್ರ."

ನಿರ್ದೇಶಕ ಅವಳ ಕಡೆ ನೋಡಲೂ ಇಲ್ಲ. ಹೆಡ್‌ಫೋನಿಗೆ, "ಆ ಉಸಿರು ತೆಗಿ," ಎಂದ.

ತೆಗೆಯುವುದು ಒಂದು ಬೆರಳಿನ ಕೆಲಸ. ಅಂದು ಸಂಜೆಯೊಳಗೆ ಮಾಡಿ ಮುಗಿಸಿದರು. ನೆಲಕ್ಕೆ ಬಿದ್ದು, ನೋವು ಮೈಗೆ ಹತ್ತಿ, ಎದೆ ತಾನಾಗಿ ಕೇಳಿ ಎಳೆದುಕೊಂಡ ಉಸಿರು ಅದು. ಒಂದು ಗುಂಡಿ ಒತ್ತಿದರು, ಇಲ್ಲವಾಯಿತು. ಕಿರುಚಕ್ಕನಿಗೆ ಈ ಸುದ್ದಿ ತಿಳಿದಾಗ ಅವಳು ಕಿರುಚಲಿಲ್ಲ. ಬೀರುವಿನ ಬಾಗಿಲು ಮುಚ್ಚಿದಳು. ಆಮೇಲೆ ಎಷ್ಟೋ ದಿನ ಮನೆಯಲ್ಲಿ ಸದ್ದೇ ಇಲ್ಲ. ನರ್ಸಮ್ಮ ಗಾಬರಿಯಾಗಿ ಕೆಳಗಿಳಿದು ಬಂದು, "ಅಮ್ಮಾವ್ರು ಹುಷಾರಾಗಿದಾರಾ? ಕೂಗೇ ಇಲ್ವಲ್ಲ," ಎಂದು ಗಂಡನನ್ನು ವಿಚಾರಿಸಿದಳು.

ಸಿನಿಮಾ ಬಿಡುಗಡೆಯಾಯಿತು. ನೋಡುವುದಿಲ್ಲ ಎಂದು ಅವಳು ಹಟ ಹಿಡಿದಳು. ಗಂಡ ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮೇಲೆ ಬಂದ. "ಬಾರೇ. ಬೈಯೋಕಾದ್ರೂ ನೋಡಿರ್ಬೇಕು," ಎಂದ. ಅವನು ಯಾವತ್ತೂ ಎರಡು ವಾಕ್ಯ ಒಟ್ಟಿಗೆ ಆಡಿದವನಲ್ಲ. ಆ ಆಶ್ಚರ್ಯಕ್ಕೇ ಅವಳು ಚಪ್ಪಲಿ ಮೆಟ್ಟಿದಳು.

ಹಾಲ್ ತುಂಬಿತ್ತು. ಇವರಿಗೆ ನಡುವಿನ ಸಾಲಿನಲ್ಲಿ ಜಾಗ. ಹಮಾಲಿ ಹೊಡೆತ ತಿಂದಳು, ಬಿದ್ದಳು, ಕೂಗು ಬಂತು. ಆಮೇಲೆ ಮೌನ. ಈ ಸಲ ಚೊಕ್ಕ ಮೌನ, ನಿರ್ದೇಶಕನಿಗೆ ಬೇಕಿದ್ದ ಹಾಗೆ. ಕಮ್ಮಾರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಹನಿ ಜಾರತೊಡಗಿತು.

ಆಗ ಮುಂದಿನ ಸಾಲಿನಲ್ಲಿ ಯಾರೋ "ಹ್ಹಾ..." ಎಂದು ಉಸಿರೆಳೆದರು. ಅವರ ಪಕ್ಕದವರು. ಎಡಗಡೆಯ ಸಾಲು. ಬಾಲ್ಕನಿ. ಹಾಳಾದವರು ತೆಗೆದುಹಾಕಿದ ಉಸಿರನ್ನು ಹಾಲಿಗೆ ಹಾಲೇ ಸೇರಿ ಎಳೆಯಿತು. ಮೊದಲ ಪ್ರದರ್ಶನದ ಸುದ್ದಿ ಆಟಗಾರರಲ್ಲಿ ಬಾಯಿಂದ ಬಾಯಿಗೆ ಹರಡಿತ್ತು. ಎಲ್ಲ ಊರುಗಳ ಹಾಲಿನಲ್ಲೂ ಹೀಗೇ ಆಗುತ್ತಿದೆ ಎಂದು ಇವಳಿಗೊಬ್ಬಳಿಗೇ ತಿಳಿದಿರಲಿಲ್ಲ. ಎಲ್ಲರಿಗಿಂತ ಚೆನ್ನಾಗಿ, ಎಳ್ಳಷ್ಟೂ ತಪ್ಪದೆ ಎಳೆದವನು ಅವಳ ಮಗ್ಗುಲಲ್ಲೇ ಇದ್ದ. ಇಷ್ಟು ವರ್ಷ ಕೆಳಗೆ ಕೂತು ಕೇಳಿಸಿಕೊಂಡ ಗಂಡ. ಅವಳು ಬಾಯಿ ಬಿಟ್ಟುಕೊಂಡು ಅವನನ್ನೇ ನೋಡಿದಳು.

ಆದರೆ ತೆರೆಯ ಮೇಲೆ ಹಮಾಲಿ ಏಳಲಿಲ್ಲ. ಅಷ್ಟು ಜನ ಉಸಿರು ಕೊಟ್ಟರೂ ಏಳಲಿ ಎಂದು ಅವಳನ್ನು ಯಾರೂ ಬರೆದಿರಲಿಲ್ಲ. ಕಮ್ಮಾರ ಗುಂಡಿ ತೋಡಲು ಗುದ್ದಲಿ ಎತ್ತಿಕೊಂಡ. ಕಿರುಚಕ್ಕನಿಗೆ ಬಂದ ಕೋಪ ಅಷ್ಟಿಷ್ಟಲ್ಲ. ಮೊಣಕಾಲಿನ ಮೇಲೆ ಕೈಯೂರಿದಳು. ಹಾಸಿಗೆಯ ಮೇಲಿಂದ ಹೇಗೆ ಎದ್ದಿದ್ದಳೋ ಹಾಗೆಯೇ, ಆ ತುಂಬಿದ ಹಾಲಿನ ನಟ್ಟನಡುವೆ ಎದ್ದು ನಿಂತಳು. ಅವಳ ನೆರಳು ತೆರೆಯ ಮೇಲೆ, ಗುದ್ದಲಿಯ ಮೇಲೆ ಬಿತ್ತು.

"ಮೂಟೆ ಇನ್ನೂ ಕೆಳಗಿಳಿಸಿಲ್ಲ ನಾನು."

ಕಿರುಚಲಿಲ್ಲ. ಹಲ್ಲು ಕಚ್ಚಿ, ದನಿ ತಗ್ಗಿಸಿ ಹೇಳಿದಳು. ಅದು ಹಮಾಲಿಯ ದನಿಯೇ ಎಂದು ಹಾಲಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಕತ್ತಲಲ್ಲಿ ಸಾಲುಸಾಲಾಗಿ ತಲೆಗಳು ಅವಳ ಕಡೆ ತಿರುಗಿದವು, ತೆರೆಯನ್ನು ನೋಡುವವರು ಯಾರೂ ಉಳಿಯಲಿಲ್ಲ. ಆಟ ಗೊತ್ತಿಲ್ಲದ ಯಾರೋ ಒಬ್ಬರು ಹಿಂದಿನಿಂದ, "ಅಮ್ಮಾ, ಕೂತ್ಕೊಳ್ಳಿ, ಕಾಣಿಸ್ತಿಲ್ಲ," ಎಂದರು.

ಅವಳು ಕೂರಲಿಲ್ಲ.